ಗೂರೋ ಅಜ್ಜಿಯ ಬೆನ್ನು

ಭಾನುವಾರದ ಆರಾಧನೆ ಮುಗಿದು ಜನ ಚದುರಿದ ಮೇಲೆ ಸುನ್ನೀವ ನೀರಿನ ಝಾರಿ ಹಿಡಿದು ಚರ್ಚಿನ ಹಿಂದಿನ ನಲ್ಲಿಗೆ ಹೋಗಿದ್ದಳು. ಜೂನ್ ತಿಂಗಳು. ಬೆಟ್ಟದ ನೆತ್ತಿಯಲ್ಲಷ್ಟೇ ಒಂದೆರಡು ತೇಪೆ ಹಿಮ ಉಳಿದಿತ್ತು. ಕೆಳಗೆ ಸರೋವರದ ತನಕ ಹುಲ್ಲು ಎದ್ದು ನಿಂತಿತ್ತು. ಗಂಡ ಓಡ್ವರ್ ಮಣ್ಣಿಗೆ ಸೇರಿ ಮೂರು ವರ್ಷವಾಗಿತ್ತು. ಅಂದಿನಿಂದ ಒಂದು ಭಾನುವಾರವೂ ಅವಳು ಅವನ ಸಮಾಧಿಯ ಹೂಗಿಡಗಳಿಗೆ ನೀರು ತಪ್ಪಿಸಿರಲಿಲ್ಲ. ಅವನ ಪಕ್ಕದ ಜಾಗ ಅವಳದು. ಕಲ್ಲಿನ ಮೇಲೆ ಅವನ ಹೆಸರಿನ ಕೆಳಗೆ ನುಣ್ಣಗೆ ಖಾಲಿ ಬಿಟ್ಟ ಜಾಗವೂ ಅವಳದೇ. ಅದನ್ನು ನೆನೆದರೆ ಅವಳಿಗೆ ಭಯವಾಗುತ್ತಿರಲಿಲ್ಲ. ಹಾಸಿದ ಹಾಸಿಗೆಯನ್ನು ಕಂಡಂತೆ ನೆಮ್ಮದಿಯಾಗುತ್ತಿತ್ತು.

ಝಾರಿ ತುಂಬುವುದರೊಳಗೆ ಪಕ್ಕದ ಮನೆಯ ಬೋರ್ಗಿಲ್ ಏದುಸಿರು ಬಿಡುತ್ತ ಬಂದಳು.

"ಏ ಸುನ್ನೀವಾ, ಬೇಗ ಬಾರೇ! ಯಾರೋ ಹೆಂಗಸು ನಿನ್ನ ಗಂಡನ ಮುಂದೆ ಕೂತು ಗೊಳೋ ಅಂತ ಅಳ್ತಿದಾಳೆ."

"ಯಾರೇ ಅದು?"

"ನನ್ನ ಕೇಳಿದ್ರೆ? ಓಡ್ವರ್‌ನ ಕೇಳು. ಕೆಂಪು ಕೋಟು, ಬಿಳೀ ಬೂಟು. ಈ ಕಣಿವೆಯವಳಂತೂ ಅಲ್ಲ. ಜೀವಮಾನವೆಲ್ಲ ಹಾಲಿನ ಲಾರಿ ಓಡಿಸ್ದ ಗಂಡಸು ಕಣೇ, ಎಲ್ಲೆಲ್ಲಿ ಇಳಿದು ಕಾಫಿ ಕುಡೀತಿದ್ನೋ!"

"ಬಾಯ್ಮುಚ್ಚೇ. ದೇವರ ಅಂಗಳ ಇದು."

"ಅದಕ್ಕೇ ಮೆಲ್ಲಗೆ ಹೇಳಿದ್ದು."

ಸುನ್ನೀವ ಝಾರಿ ಹೊತ್ತು ನಡೆದಳು. ನಗು ಬಂದರೂ ಒಳಗೆಲ್ಲೋ ಚುರುಕ್ಕೆಂದಿತು. ಹೆಂಗಸು ನಿಜವಾಗಿಯೂ ಅಲ್ಲಿದ್ದಳು. ತನ್ನದೇ ವಯಸ್ಸು, ಎಪ್ಪತ್ತರ ಆಸುಪಾಸು. ಒಂದು ಕೈಯಲ್ಲಿ ಹಳೆಯ ಫೋಟೋ, ಇನ್ನೊಂದರಲ್ಲಿ ಕರವಸ್ತ್ರ. ಸುನ್ನೀವಳನ್ನು ಕಂಡು ದಡಬಡಿಸಿ ಎದ್ದಳು.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ. ನಾ ಆರ್ಲಿಸ್. ಅಮೆರಿಕದಾಗ ಮಿನೆಸೋಟಾದಿಂದ ಬಂದೀನ್ರಿ. ನಮ್ಮ ಮುತ್ತಜ್ಜೀನ ಹುಡುಕ್ಕೊಂತ ಬಂದೆ."

ಸುನ್ನೀವ ಬೆರಗಾಗಿ ನಿಂತಳು. ಹಾಗೆ ಮಾತಾಡುವವರು ಆ ಊರಿನಲ್ಲಿ ಈಗ ಯಾರೂ ಉಳಿದಿರಲಿಲ್ಲ. ಅದು ಅವಳ ಅಜ್ಜಿಯ ಕಾಲದ ಮಾತು, ದನ ಕರೆಯುವ, ಒಲೆ ಊದುವ ಮಾತು. ಅದು ಬಣ್ಣ ಹಚ್ಚಿದ ತುಟಿಗಳಿಂದ, ಬಿಳಿ ಬೂಟಿನ ಮೇಲೆ ನಿಂತು ಬರುತ್ತಿತ್ತು.

"ಈ ಮಾತು ಎಲ್ಲಿ ಕಲಿತ್ರಿ?"

"ನಮ್ಮಜ್ಜಿ ತೆಯಾ ಅಂತ. ಈ ಊರಾಕಿನ. ಹದಿನೆಂಟಕ್ಕ ಹಡಗ ಹತ್ತಿದ್ಲು. ಮುಂದಿನ ವರ್ಷ ಇಲ್ಲಿ ಅವರವ್ವ ಸತ್ಲು. ಯಾರೋ ಆಕಿ ಗೋರಿಕಲ್ಲಿನ ಈ ಫೋಟೋ ಕಳಿಸಿದ್ರಂತ. ಅಡಿಗಿಮನ್ಯಾಗ ಹಿಟ್ಟಿನ ಡಬ್ಬಿ ಮ್ಯಾಲೆ ತೂಗಹಾಕಿದ್ಲು. ಆಕಿ ಆಲೂಗಡ್ಡಿ ರೊಟ್ಟಿ ಲಟ್ಟಿಸ್ತಿದ್ರ ನಾ ಟೇಬಲ್ ಕೆಳಗ ಕುಂತು, ಬಿದ್ದ ಹಿಟ್ಟಿನುಂಡಿ ತಿಂತಿದ್ದೆ. ಈ ಕಲ್ಲನ ನಮ್ಮ ಮುತ್ತಜ್ಜಿ ಅಂದ್ಕೊಂಡಿದ್ದೆ ನೋಡ್ರಿ! ದಿನಾ ಮುಂಜಾನೆದ್ದು ಅದಕ್ಕ ನಮಸ್ಕಾರ ಹೇಳ್ತಿದ್ದೆ."

"ಕಲ್ಲನ್ನ ಮುತ್ತಜ್ಜಿ ಅಂತ?" ಎಂದಳು ಬೋರ್ಗಿಲ್.

"ಹೂಂ ಮತ್ತ. ಬೂದು ಬಣ್ಣ, ಒಂದ್ಕಡಿ ವಾಲೇತಿ, ಮಾತಿಲ್ಲ ಕತಿಯಿಲ್ಲ. ನಮ್ಮ ಮನಿ ಮುದುಕ್ಯಾರೆಲ್ಲಾ ಹಂಗ ಇದ್ರು!"

ಬೋರ್ಗಿಲ್ ಗೊಳ್ಳೆಂದು ನಕ್ಕಳು. ಸುನ್ನೀವ ನಗಲಿಲ್ಲ. ಫೋಟೋ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತ್ತು. ಎಡಕ್ಕೆ ವಾಲಿದ ಆ ಕಲ್ಲು, ಹಿಂದೆ ಕಾಣುವ ಗಂಟೆಗೋಪುರದ ಮೂಲೆ. ಕಲ್ಲು ಇದ್ದದ್ದು ಇಲ್ಲೇ, ಈಗ ಓಡ್ವರ್ ಮಲಗಿರುವಲ್ಲಿ.

"ಅಜ್ಜಿ ಸಾಯೂ ಮುಂದ ನನ್ನ ಕೈ ಹಿಡ್ದು ಒಂದ ಕೇಳಿದ್ಲು," ಆರ್ಲಿಸ್ ಹೇಳುತ್ತಿದ್ದಳು. "ನಾ ಅವ್ವಗ ಹೇಳದ ಬಂದೆ, ಹೋಗಿ ನಿಂತು ಒಂದ್ ಪ್ರಾರ್ಥನೆ ಹೇಳವ್ವ ಅಂತ. ಆಮ್ಯಾಲೆ ಲಗ್ನ, ಮಕ್ಕಳು, ಹೊಲ, ಗಂಡನ ಜಡ್ಡು. ಇಷ್ಟ ವರ್ಷ ಆತು. ಈ ಮೂಲ್ಯಾಗ ಅಂತ ಫೋಟೋ ಹೇಳ್ತತಿ. ಇದ ಜಾಗ ಹೌದಲ್ರಿ? ಆದ್ರ ಕಲ್ಲ ಬ್ಯಾರೆ, ಹೆಸರ ಬ್ಯಾರೆ."

ಮೇಲಿನ ಊರಿನಲ್ಲಿ ಹೀಗೇ ಬಂದ ಅಮೆರಿಕದವರು ನೆಲ ಅಳೆದು, ಆಳೆತ್ತರದ ಹೊಳೆಯುವ ಕಲ್ಲು ನೆಡಿಸಿದ್ದನ್ನು ಸುನ್ನೀವ ಕಂಡಿದ್ದಳು. ಮೂರು ವರ್ಷದಿಂದ ಒಬ್ಬಳೇ ಕಾಯ್ದುಕೊಂಡು ಬಂದ ಜಾಗ. ಇಲ್ಲಿ ಇನ್ನೊಬ್ಬಳು ಬಂದು ಇದು ನಮ್ಮದು ಎಂದರೆ?

"ಇಲ್ಲ," ಎಂದಳು. "ಅಂಗಳದ ಗೋಡೆ ಆಮೇಲೆ ಒಳಕ್ಕೆ ಸರಿಸಿ ಕಟ್ಟಿದ್ದು. ಅದಕ್ಕೇ ಹೀಗೆ ಕಾಣತ್ತೆ. ನಿಮ್ಮ ಮುತ್ತಜ್ಜಿ ಅಲ್ಲಿ, ಗೇಟಿನ ಹತ್ತಿರ. ಆ ಖಾಲಿ ಹುಲ್ಲು ಇದೆಯಲ್ಲ, ಅಲ್ಲಿ."

ಬೋರ್ಗಿಲ್ ತಟ್ಟನೆ ತಿರುಗಿ ನೋಡಿದಳು.

ಆರ್ಲಿಸ್‌ಳ ಮುಖ ಅರಳಿತು. "ದೇವರು ನಿಮ್ಮನ್ನ ಛಲೋ ಇಟ್ಟಿರ್ಲಿ ಅಕ್ಕಾರ," ಎಂದು ಅವಳು ಗೇಟಿನ ಕಡೆ ಹೋದಳು. ಬಿಳಿ ಬೂಟು ಬಿಚ್ಚಿಟ್ಟು ಹುಲ್ಲಿನ ಮೇಲೆ ಮೊಣಕಾಲೂರಿದಳು. ಅಲ್ಲಿ ಯಾರೂ ಇರಲಿಲ್ಲ. ಹುಲ್ಲಿನ ಕೆಳಗೇ ಬಂಡೆ ಇದ್ದುದರಿಂದ ಅಲ್ಲಿ ಯಾರನ್ನೂ ಹೂಳಿದವರಿಲ್ಲ.

"ಯಾಕೇ ಹಾಗಂದೆ?" ಬೋರ್ಗಿಲ್ ಪಿಸುಗುಟ್ಟಿದಳು.

"ಪ್ರಾರ್ಥನೆ ತಾನೆ? ಎಲ್ಲಿ ಮಾಡಿದ್ರೂ ದೇವರಿಗೆ ಕೇಳತ್ತೆ."

"ದೇವರಿಗೆ ಕೇಳತ್ತೆ ಬಿಡು. ಈಗ ನೀನು ಹೇಳಿದ್ದೂ ಕೇಳಿರತ್ತೆ."

ಆರ್ಲಿಸ್ ಗಟ್ಟಿಯಾಗಿ ಕರ್ತನ ಪ್ರಾರ್ಥನೆ ಶುರುಮಾಡಿದ್ದಳು. ಆ ಹಳೆಯ ಮಾತಿನಲ್ಲಿ ಒಂದೊಂದು ಪದವೂ ನೂಲಿನ ಹಾಗೆ ನಿಧಾನವಾಗಿ ಎಳೆದುಕೊಂಡು ಬರುತ್ತಿತ್ತು. ಸುನ್ನೀವಳಿಗೆ ಅಜ್ಜಿಯ ಮಂಚದ ಉಣ್ಣೆ ಹೊದಿಕೆ, ಅದರ ಕುರಿವಾಸನೆ, ಕತ್ತಲಲ್ಲಿ ತನ್ನ ಪುಟ್ಟ ಕೈಗಳನ್ನು ಜೋಡಿಸುತ್ತಿದ್ದ ಒರಟು ಕೈಗಳು ನೆನಪಾದವು. ದಿನದ ರೊಟ್ಟಿ ಬೇಡುವ ಸಾಲಿಗೆ ಬಂದು ಆರ್ಲಿಸ್ ತಡೆದು ನಿಂತಳು. ಇನ್ನೊಮ್ಮೆ ಹೇಳಿದಳು, ಮತ್ತೆ ಅಲ್ಲೇ ನಿಂತಳು. ಮೊಣಕಾಲ ಮೇಲಿದ್ದುಕೊಂಡೇ ತಿರುಗಿ, ಮಗುವಿನಂತೆ ಕೇಳಿದಳು:

"ಅಕ್ಕಾರ, ಮುಂದಿಂದು ಮರತೀನ್ರಿ. ರೊಟ್ಟಿ ಆದಮ್ಯಾಲೆ ಏನ್ರಿ?"

ರೊಟ್ಟಿಯ ಮುಂದಿನ ಸಾಲು ಯಾವುದೆಂದು ಸುನ್ನೀವಳಿಗೆ ಮೂರು ವರ್ಷದ ಮಗುವಾಗಿದ್ದಾಗಿಂದ ಗೊತ್ತು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಸಾಲು. ಹೇಳಲು ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಝಾರಿಯನ್ನು ಕೆಳಗಿಟ್ಟಳು.

"ಏಳಿ," ಎಂದಳು. "ಅಲ್ಲಿ ಯಾರೂ ಇಲ್ಲ. ನಾನು ಸುಳ್ಳು ಹೇಳಿದೆ. ನೀವು ಮೊದಲು ಕೂತಿದ್ದೇ ಸರಿಯಾದ ಜಾಗ."

ಆರ್ಲಿಸ್ ಬರಿಗಾಲಲ್ಲೇ ಬಂದಳು. ಓಡ್ವರ್‌ನ ಕಲ್ಲನ್ನೂ ಸುನ್ನೀವಳನ್ನೂ ನೋಡಿದಳು. ಮುಖ ಕೆಂಪೇರಿತು.

"ಹಂಗಾರ ನಮ್ಮಾಕಿನ್ನ ಏನ್ ಮಾಡಿದ್ರಿ? ತಗದ್ ಒಗದ್ರೇನು? ನಮ್ಮ ಕಡಿ ಒಮ್ಮೆ ಮಲಗಿಸಿದ್ರ ಮುಗೀತು, ಆ ಜಾಗ ಕಡೀ ದಿನದ ಮಟ ಅವರದ."

"ಯಾರನ್ನೂ ತೆಗೆಯಲ್ಲ, ಎಸೆಯಲ್ಲ. ಇಲ್ಲಿ ಮಣ್ಣಿಗಿಂತ ಬಂಡೆನೇ ಜಾಸ್ತಿ. ನೋಡ್ಕೊಳ್ಳೋರು ಇಲ್ಲದ ಜಾಗಕ್ಕೆ ಬಹಳ ವರ್ಷ ಆದಮೇಲೆ ಇನ್ನೊಬ್ಬರು ಬರ್ತಾರೆ. ಅಷ್ಟರಲ್ಲಿ ಹಳಬರು ಮಣ್ಣೇ ಆಗಿರ್ತಾರೆ. ನಿಮ್ಮ ಗೂರೋ ಇಲ್ಲೇ ಇದಾಳೆ. ಅವಳ ಮೇಲೆ ನನ್ನ ಗಂಡ."

ಬೋರ್ಗಿಲ್‌ಗೆ ತಡೆಯಲಾಗಲಿಲ್ಲ. "ಕೆಳಗೊಬ್ಬಳು, ನಾಳೆ ಪಕ್ಕಕ್ಕೊಬ್ಬಳು. ಬದುಕಿದ್ದಾಗ ಓಡ್ವರ್‌ಗೆ ಒಬ್ಬಳನ್ನ ಒಲಿಸಿಕೊಳ್ಳೋದೇ ಪಡಿಪಾಟಲಾಗಿತ್ತು!"

ಆರ್ಲಿಸ್ ಸಿಟ್ಟಿನಲ್ಲೇ ಇದ್ದಳು. ಆದರೆ ತುಟಿಯ ಕೊನೆ ಅದುರಿತು. ಕಡೆಗೆ ಕೇಳಿದಳು: "ಗೂರೋ ಅಂದ್ರಿ. ಆಕಿ ಹೆಸರ ನಾ ಹೇಳೇ ಇಲ್ಲಲ್ರಿ?"

"ನೀವು ಹೇಳಬೇಕಾಗಿರಲಿಲ್ಲ," ಎಂದಳು ಸುನ್ನೀವ. ಈಗ ಮಾತು ತಾನಾಗಿ ಬಂತು. "ನಾವು ಚಿಕ್ಕವರಿದ್ದಾಗ ಓಡ್ವರ್ ಅಪ್ಪ ಈ ಅಂಗಳದ ಹುಲ್ಲು ಕೊಯ್ತಿದ್ರು. ಓಡ್ವರ್ ಅವರಿಗೆ ಬುತ್ತಿ ತರೋನು, ನಾನು ಅವನ ಹಿಂದೆ ಓಡಿ ಬರ್ತಿದ್ದೆ. ಆ ಕಲ್ಲು ವಾಲಿತ್ತಲ್ಲ, ಒರಗೋಕೆ ಹೇಳಿ ಮಾಡಿಸಿದ ಹಾಗಿತ್ತು. ಬಿಸಿಲಿಗೆ ಬೆಚ್ಚಗಾಗಿರೋದು. ಇಬ್ಬರೂ ಒರಗಿ ಕೂತು, ತೆಳು ರೊಟ್ಟಿಗೆ ಬೆಣ್ಣೆ ಸವರಿ ತಿಂತಿದ್ವಿ. ಗೂರೋ ಅಜ್ಜಿಯ ಬೆನ್ನು ಅಂತಿದ್ವಿ ಅದಕ್ಕೆ. ನಾನು ಮೊದಲು ಬೆರಳಿಟ್ಟು ಓದಿದ ಹೆಸರೇ ಗೂರೋ."

ಆರ್ಲಿಸ್ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು.

"ಆಮೇಲೆ ನೆಲ ಸಮ ಮಾಡೋವಾಗ ಆ ಕಲ್ಲು ತೆಗೆದ್ರು. ಅವತ್ತು ಓಡ್ವರ್ ಊಟ ಮಾಡಲಿಲ್ಲ. ಕಾಯಿಲೆ ಬಿದ್ದಾಗ ಅವನೇ ಹೇಳಿದ, ನನ್ನನ್ನ ಗೂರೋ ಅಜ್ಜಿ ಹತ್ರ ಇಡು ಅಂತ. ಬೇರೆ ಎಲ್ಲಾದ್ರೂ ಇಡಬಹುದಿತ್ತು. ಅವನು ಕೇಳಿದ್ದು ಇದನ್ನೇ."

"ಹಂಗಾರ ಆಕಿ ಒಬ್ಬಾಕಿನ ಇರ್ಲಿಲ್ಲ," ಎಂದಳು ಆರ್ಲಿಸ್. "ನಮ್ಮಜ್ಜಿ ಸಾಯೂತನಕ ಅದ ಕೊರಗಿದ್ಲು. ಅವ್ವ ಅಲ್ಲಿ ಒಬ್ಬಾಕಿನ ಅದಾಳ, ಹೆಸರ ಹಿಡಿದು ಕರಿಯಾವ್ರಿಲ್ಲ ಅಂತ."

"ಕರೀತಿದ್ವಿ. ಬಾಯಲ್ಲಿ ರೊಟ್ಟಿ ತುಂಬ್ಕೊಂಡು ಕರೀತಿದ್ವಿ."

ಮೂವರೂ ಓಡ್ವರ್‌ನ ಹೂಗಿಡಗಳ ಮುಂದೆ ನಿಂತರು. ಬೋರ್ಗಿಲ್‌ಗೆ ಮೊಣಕಾಲು ನೋವು, ಅವಳು ಸುನ್ನೀವಳ ತೋಳನ್ನೇ ಆತುಕೊಂಡಳು. ಆರ್ಲಿಸ್ ಮೊದಲಿನಿಂದ ಶುರುಮಾಡಿದಳು. ರೊಟ್ಟಿಯ ಸಾಲು ಮುಗಿದದ್ದೇ ಸುನ್ನೀವ ಮುಂದಿನದನ್ನು ಎತ್ತಿಕೊಂಡಳು. ಯಾರೋ ಹೇಳಿಸಿದ ಹಾಗೆ ಅದು ಅಜ್ಜಿಯ ಹಳೆಯ ಮಾತಿನಲ್ಲೇ ಬಂತು. ಆಮೆನ್ ಎಂದಾಗ ಸರೋವರದ ಕಡೆಯಿಂದ ಗಾಳಿ ಬಂದು ಹುಲ್ಲನ್ನೆಲ್ಲ ಒಮ್ಮೆ ಬಾಗಿಸಿ ಹೋಯಿತು.

ಆರ್ಲಿಸ್ ಏನನ್ನೂ ಕೇಳಲಿಲ್ಲ. ಕಲ್ಲು ನೆಡಿಸುವ ಮಾತನ್ನೂ ಎತ್ತಲಿಲ್ಲ. ಬೂಟು ಹಾಕಿಕೊಂಡು, "ನನ್ನ ಕೆಲಸ ಆತ್ರಿ ಅಕ್ಕಾರ," ಎಂದಳಷ್ಟೆ.

"ನನ್ನದು ಆಗಿಲ್ಲ," ಎಂದಳು ಸುನ್ನೀವ. "ಗೂರೋ ಹುಟ್ಟಿದ ವರ್ಷ ಗೊತ್ತಾ ನಿಮಗೆ? ತೀರಿಕೊಂಡ ವರ್ಷ?"

"ಗೊತ್ತೈತ್ರಿ. ಯಾಕ?"

"ಯಾಕೆ ಅಂದ್ರೆ? ಕಲ್ಲಲ್ಲಿ ಹೆಸರು ಕೆತ್ತೋನು ಕೇಳ್ತಾನಲ್ಲ."

ಬೋರ್ಗಿಲ್ ಗಾಬರಿಯಾದಳು. "ಅದು ನಿನ್ನ ಹೆಸರಿಗೆ ಅಂತ ಬಿಟ್ಟಿದ್ದ ಜಾಗ ಕಣೇ!"

ಸುನ್ನೀವ ಆಗಲೇ ಬಗ್ಗಿ ಕಲ್ಲಿನ ಮೇಲೆ ಗೇಣಿಟ್ಟು ಅಳೆಯುತ್ತಿದ್ದಳು. ಉದ್ದಕ್ಕೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಕ್ಷರ ಸ್ವಲ್ಪ ಸಣ್ಣದು ಮಾಡಿಸಿದರೆ ಗೂರೋ ಅಜ್ಜಿ, ತಾನು, ಇಬ್ಬರೂ ಹಿಡಿಸುತ್ತಾರೆ ಎಂದು ಅವಳಿಗನ್ನಿಸಿತು.