ಚನ್ನಪಟ್ಟಣದ ಬಂದರು

"ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬುಟ್ಟವ್ನು ನಮಗೆ ಯುರೋಪ್ ಪ್ಲಾನ್ ಹೇಳ್ಕೊಡ್ತಾನಂತೆ. ಲೇ ಜಯ, ನೀನು ಸ್ಟೇರಿಂಗ್ ಹಿಡ್ಕ, ಸಾಕು. ಮ್ಯಾಪ್ ನಾನು ಹಿಡ್ಕತೀನಿ."

ಮಹೇಂದ್ರ ಭಾವ ನನಗೆ ಹೀಗೆಂದದ್ದು ತಿಪ್ಪಸಂದ್ರದ ನಮ್ಮ ಮನೆಯ ಪಡಸಾಲೆಯಲ್ಲಿ, ಅವರ ಮಗಳು ನವ್ಯಶ್ರೀಯ ಹುಟ್ಟುಹಬ್ಬದ ಊಟ ಮುಗಿಸಿ ಎಲ್ಲರೂ ಎಲೆಯಡಿಕೆಗೆ ಕೈಹಾಕಿದ್ದಾಗ. ನೆಂಟರೆಲ್ಲ ನಕ್ಕರು. ಪಕ್ಕದ ಮನೆಯ ಅಂಬುಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನಗೆ ಹೆಚ್ಚು ಉರಿದದ್ದು ಅದಕ್ಕೇ. ನಗುವವರು ನೇರವಾಗಿ ನಗಬೇಕು.

ಸಂಗತಿ ಇಷ್ಟು. ಅಕ್ಕ ಮಮತಾ ನರ್ಸು. ವರ್ಷಗಟ್ಟಲೆ ಆಸೆಪಟ್ಟು ಮೆಡಿಟರೇನಿಯನ್ ಸಮುದ್ರದ ಪ್ರವಾಸಿ ಹಡಗಿಗೆ ನಮಗೆಲ್ಲ ಟಿಕೆಟ್ ಮಾಡಿಸಿದ್ದಳು: ಅವಳು, ಭಾವ, ಇಬ್ಬರು ಹೆಣ್ಣುಮಕ್ಕಳು, ಅಜ್ಜಿ ಬೈರಮ್ಮ, ನಾನು. ನಮ್ಮ ಮನೆತನದಲ್ಲಿ ಯಾರೂ ಹಡಗು ಹತ್ತಿದವರಲ್ಲ. ಹಡಗು ಬೆಳಿಗ್ಗೆ ಒಂದು ಬಂದರಿನಲ್ಲಿ ನಿಲ್ಲುತ್ತದೆ, ಜನ ಇಳಿದು ಊರು ನೋಡಿಕೊಂಡು ಸಂಜೆಗೆ ಮತ್ತೆ ಹತ್ತಬೇಕು. ಎಲ್ಲಿ ಏನು ನೋಡುವುದು ಎಂಬುದನ್ನು ಭಾವನೇ ನಿರ್ಧರಿಸಿದ್ದರು. ಅವರು ಕನಕಪುರದ ಕಾಲೇಜೊಂದರಲ್ಲಿ ಚರಿತ್ರೆಯ ಮೇಷ್ಟ್ರು. ರೋಮಿನಲ್ಲಿ ಒಂದೇ ದಿನಕ್ಕೆ ಕೊಲೋಸಿಯಂ, ದೊಡ್ಡ ಚರ್ಚು, ಕಾರಂಜಿ, ಅರಮನೆ. ನೇಪಲ್ಸಿನಲ್ಲಿ ಬೂದಿಯಡಿ ಹೂತುಹೋಗಿದ್ದ ಪಾಂಪೆ, ಆ ಬೂದಿ ಉಗುಳಿದ ಬೆಟ್ಟ, ಹೊತ್ತಿದ್ದರೆ ಒಂದು ದ್ವೀಪ. ಅಜ್ಜಿಗೆ ನಡೆಯಲು ಆಗುವುದಿಲ್ಲವಾದ್ದರಿಂದ ಅವಳು ಎಲ್ಲ ಬಂದರಿನಲ್ಲೂ ಹಡಗಿನಲ್ಲೇ ಇರಬೇಕು, ನೋಡಿಕೊಳ್ಳಲು ನಾನು. ಅಂದರೆ ನನ್ನನ್ನು ಕರೆದುಕೊಂಡು ಹೋಗುತ್ತಿರುವುದೇ ಅದಕ್ಕೆ.

ಅಜ್ಜಿ ಸಮುದ್ರವನ್ನೇ ಕಂಡವಳಲ್ಲ. ಹುಟ್ಟಿದ್ದು ಸಾತನೂರಿನ ಹತ್ತಿರ, ಕೊಟ್ಟಿದ್ದು ಮಾಗಡಿ ಕಡೆಗೆ. ಅವಳು ಭಾವನ ಮಾತೆಲ್ಲ ಕೇಳಿಸಿಕೊಂಡು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. "ಕೂತ್ಕಳಕ್ಕೆ ನಮ್ಮನೆ ಜಗುಲೀನೇ ಐತಲ್ಲಪ್ಪ. ಅಲ್ಲೀ ಮಣ್ಣು ಹೆಂಗೈತೆ ಅಂತ ಒಸಿ ಮುಟ್ಟಿ ನೋಡ್ಬೇಕು ಅಂತಿದ್ದೆ" ಎಂದಳು. ಆಮೇಲೆ ಮತ್ತೆ ಅಡಿಕೆ ಕತ್ತರಿಸತೊಡಗಿದಳು. ಅಳಿಯಂದಿರ ಮಾತಿಗೆ ಎದುರಾಡುವ ರೂಢಿ ಅವಳಿಗಿಲ್ಲ.

ನನಗೆ ಆ ರೂಢಿ ಧಾರಾಳವಾಗಿದೆ. ಬಂದರಿಗೆ ಒಂದೇ ಜಾಗ ಸಾಕು, ಹತ್ತಿರದ್ದು ನೋಡೋಣ, ಅಜ್ಜಿಯೂ ಇಳಿಯಲಿ, ಹಡಗು ಯಾರಿಗೂ ಕಾಯುವುದಿಲ್ಲ ಎಂದು ಟಿಕೆಟ್ ಏಜೆಂಟ್ ಹೇಳಿದ್ದು ನಿಮಗೂ ಗೊತ್ತಲ್ಲ ಎಂದೆ. ಅದಕ್ಕೆ ಸಿಕ್ಕಿದ್ದೇ ಆ ಒಂಬತ್ತನೇ ಕ್ಲಾಸಿನ ಬಹುಮಾನ.

ಹಡಗು ಕಾಯುವುದಿಲ್ಲ ಎಂಬುದನ್ನು ಪಡಸಾಲೆಯಲ್ಲಿ ಯಾರೂ ನಂಬಲಿಲ್ಲ. ಮನೆಯವರು ಒಳಗಿದ್ದಾರೆ, ಒಬ್ಬರು ಬರುತ್ತಿದ್ದಾರೆ ಅಂದರೆ ಹೇಗೆ ಬಿಟ್ಟುಹೋಗುತ್ತಾರೆ ಎಂದು ಭಾವ ಕೇಳಿದರು. ಸಾತನೂರಿನ ಸರ್ಕಾರಿ ಬಸ್ಸೇ ಹಾಲಿನ ಕ್ಯಾನ್ ಹಿಡಿದು ಓಡಿಬರುವವರಿಗೆ ನಿಲ್ಲುತ್ತದೆ, ಇನ್ನು ಅಷ್ಟು ದೊಡ್ಡ ಹಡಗು ನಿಲ್ಲದೆ ಇರುತ್ತದೆಯೇ ಎಂದು ಅಂಬುಜಮ್ಮ ಸೇರಿಸಿದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಮ್ಮ ಜನವೇ ಹೀಗೆ. ನಾನು ಟೆಂಪೋ ಓಡಿಸುವವನು. ಯಾತ್ರೆ ಹೊರಟ ಮೇಲೆ ನನ್ನ ಅರ್ಧ ಆಯಸ್ಸು ಕಳೆಯುವುದು ದೇವಸ್ಥಾನಗಳ ಮುಂದೆ, ಬಳೆ ಅಂಗಡಿಯಿಂದ ಬರಬೇಕಾದ ಒಬ್ಬರಿಗಾಗಿ ಇಂಜಿನ್ ಆನ್ ಮಾಡಿಕೊಂಡು ಕೂರುವುದರಲ್ಲಿ. ಆ ಎಲ್ಲ ಕಾಯುವಿಕೆಯೂ ಆವತ್ತು ಒಟ್ಟಿಗೆ ತಲೆಗೇರಿತು.

"ಭಾನುವಾರ ನನ್ ಟೆಂಪೋನೇ ಹಡಗು" ಎಂದೆ. "ಚನ್ನಪಟ್ಟಣ ಒಂದು ಬಂದರು, ಕೆಂಗಲ್ ಒಂದು ಬಂದರು. ನಿಮ್ ಪ್ಲಾನಲ್ಲಿ ನೀವು ಸುತ್ತಿ ಭಾವ, ನನ್ ಪ್ಲಾನಲ್ಲಿ ಅಜ್ಜಿ ಸುತ್ತಲಿ. ಟೈಮಿಗೆ ಸರಿಯಾಗಿ ಹಡಗು ಹೊರಡ್ತದೆ."

ಭಾವ ನಗುತ್ತಲೇ ಒಪ್ಪಿದರು. ಅಜ್ಜಿ ಸಮಯಕ್ಕೆ ಬಂದರೆ ಎಲ್ಲ ಬಂದರಿನಲ್ಲೂ ಇಳಿಯಲಿ ಎಂದರು. ಆ ಮಾತನ್ನು ಎಲ್ಲರೂ ಕೇಳಿಸಿಕೊಂಡರು.

ಭಾನುವಾರ ಟೆಂಪೋ ಹೊರಡುವಾಗ ಅಂಬುಜಮ್ಮನೂ ಪುಳಿಯೋಗರೆ ಡಬ್ಬಿ ಹಿಡಿದು ಹತ್ತಿದರು. ಅಕ್ಕ ಚಕ್ರಗಳಿಗೆ ನಿಂಬೆಹಣ್ಣಿಟ್ಟಳು. ನಿಜವಾದ ಹಡಗಿಗೆ ನಿಂಬೆಹಣ್ಣು ಎಲ್ಲಿಡುತ್ತಾರೆ ಎಂದು ನವ್ಯಶ್ರೀ ಕೇಳಿದ್ದಕ್ಕೆ ಚರಿತ್ರೆಯ ಮೇಷ್ಟ್ರು "ಮೊದ್ಲು ಹತ್ತಮ್ಮ" ಎಂದರು.

ಚನ್ನಪಟ್ಟಣದಲ್ಲಿ ಇಳಿಸಿ, ಹನ್ನೊಂದಕ್ಕೆ ಹಡಗು ಹೊರಡುತ್ತದೆ ಎಂದೆ. ಭಾವ ನಾಲ್ಕು ಜಾಗದ ಹೆಸರು ಹೇಳುತ್ತಾ ಆಟೋ ಹತ್ತಿದರು. ಹೆಂಡತಿ ಮಕ್ಕಳನ್ನು ಕರೆದರು. ಮಕ್ಕಳು ಅಜ್ಜಿಯ ಸೀರೆ ಬಿಡಲಿಲ್ಲ, ಅಕ್ಕ ಮಕ್ಕಳನ್ನು ಬಿಡಲಿಲ್ಲ.

ನಾನು ಅವರನ್ನು ನನ್ನ ಪರಿಚಯದ ಶೋಯೆಬ್ ಅಣ್ಣನ ಬೊಂಬೆ ಮಾಡುವ ಶೆಡ್ಡಿಗೆ ಕರೆದೊಯ್ದೆ. ಟೆಂಪೋ ನಿಂತಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಅಜ್ಜಿ ಸ್ಟೂಲಿನ ಮೇಲೆ ಕೂತಳು, ಮತ್ತೆ ಏಳಲಿಲ್ಲ. ತಿರುಗುತ್ತಿದ್ದ ಮರದ ತುಂಡಿಗೆ ಉಳಿ ತಾಗಿ ಹೊಟ್ಟು ಎಳೆಯೆಳೆಯಾಗಿ ಹಾರಿ ಅವಳ ಮಡಿಲಿಗೆ ಬೀಳುತ್ತಿತ್ತು. ಅದನ್ನು ಬೆರಳಲ್ಲಿ ಹೊಸಕಿ ಮೂಸಿ, ಇದು ಆಲೆ ಮರವಲ್ಲವೇ, ನಮ್ಮ ಬದುವಿನಲ್ಲೂ ಇತ್ತು ಎಂದಳು. ಶೋಯೆಬ್ ಅಣ್ಣ ಮಕ್ಕಳ ಕೈ ಹಿಡಿದು ಅರಗಿನ ಬಣ್ಣದ ಕಡ್ಡಿಯನ್ನು ಬುಗುರಿಗೆ ಒತ್ತಿಸಿದರು. ತಿರುಗುತ್ತಿದ್ದ ಬುಗುರಿ ಕಣ್ಣೆದುರೇ ಕೆಂಪಾಯಿತು. ಚಿಕ್ಕವಳು ಉಸಿರು ಬಿಡುವುದನ್ನೇ ಮರೆತಳು. ಅಕ್ಕ ಗೋಡೆಗೊರಗಿ, ಡ್ಯೂಟಿ ಇಲ್ಲದ ದಿನ ಹೀಗಿರುತ್ತದೆ ಎಂಬುದೇ ಮರೆತುಹೋಗಿತ್ತು ಎಂದಳು.

ಹನ್ನೊಂದಕ್ಕೆ ಮುಂಚೆಯೇ ಅಜ್ಜಿ ಸೀಟಿನಲ್ಲಿದ್ದಳು. ಭಾವ ಇರಲಿಲ್ಲ. ಫೋನ್ ಮಾಡಿದರೆ "ಬಂದೇ ಬುಟ್ಟೆ ಕಣ್ಲಾ, ಇಲ್ಲೇ ಇದ್ದೀನಿ" ಎಂದರು. ಅವರ ದನಿಯ ಹಿಂದೆ ಗಂಟೆ ಬಾರಿಸುವುದು ಕೇಳುತ್ತಿತ್ತು. ಊರಾಚೆಯ ದೊಡ್ಡಮಳೂರಿನ ದೇವಸ್ಥಾನ ತಾನೇ ಎಂದು ಕೇಳಿದೆ. ಫೋನ್ ಕಟ್ಟಾಯಿತು.

ಇಂಜಿನ್ ಸ್ಟಾರ್ಟ್ ಮಾಡಿದೆ. ಅಜ್ಜಿ ಗಾಬರಿಯಾದಳು. ಅಳಿಯನನ್ನು ದಾರಿಯಲ್ಲಿ ಬಿಟ್ಟುಹೋದವರ ಮನೆ ಎಂದು ಊರು ಆಡಿಕೊಳ್ಳುತ್ತದೆ, ಒಸಿ ನಿಲ್ಲಿಸು ಎಂದಳು. ಅಂಬುಜಮ್ಮನೂ ದನಿ ಸೇರಿಸಿದರು. ನಾನು ಕ್ಲಚ್ ಒತ್ತಿ ಹಿಡಿದೇ ಕೂತೆ. ಕಾದರೆ ಹಡಗು ಕಾಯುತ್ತದೆ ಎಂದು ಭಾವ ಹೇಳಿದ್ದೇ ಸರಿಯಾಗುತ್ತದೆ, ಅವರ ಪ್ಲಾನೇ ಉಳಿಯುತ್ತದೆ, ಅಜ್ಜಿ ಹಡಗಿನಿಂದ ಇಳಿಯುವುದಿಲ್ಲ. ಹೋದರೆ ಬೀದಿಯಲ್ಲಿ ಉಳಿಯುವವರು ಅಕ್ಕನ ಗಂಡ. ಕನ್ನಡಿಯಲ್ಲಿ ಅಕ್ಕನನ್ನು ನೋಡಿದೆ.

ಅಕ್ಕ ಗಡಿಯಾರ ನೋಡಿ, ಕಿಟಕಿಯಾಚೆ ನೋಡಿ, ಕಾಲು ಚಾಚಿ ಕೂತಳು. "ಹೊಂಡ್ಲಾ" ಎಂದಳು.

ನವ್ಯಶ್ರೀ ಮುಂದೆ ಬಂದು ಹಾರ್ನ್ ಒತ್ತಿ ಹಿಡಿದಳು. ಇಡೀ ಬೀದಿ ತಿರುಗಿ ನೋಡುವ ಹಾಗೆ ಹಡಗು ಚನ್ನಪಟ್ಟಣ ಬಿಟ್ಟಿತು.

ಕೆಂಗಲ್ಲಿನಲ್ಲಿ ಆಂಜನೇಯನಿಗೆ ಕೈಮುಗಿದು, ನೆರಳಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಚನ್ನಪಟ್ಟಣದ ಕಡೆಯಿಂದ ರಾಮನಗರದ ಬಸ್ಸೊಂದು ಬಂದು ನಿಂತಿತು. ಮೊದಲು ಒಂದು ಮರದ ಕುದುರೆ ಇಳಿಯಿತು, ಅದರ ಹಿಂದೆ ಅದನ್ನು ತಬ್ಬಿಕೊಂಡ ಭಾವ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಬಸ್ಸಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು.

"ನಾನು ಓಡ್ಬತ್ತಿರೋದು ಕಂಡು ಬಸ್ಸೇ ನಿಂತ್ಕತ್ತು ಕಣ್ಲಾ" ಎಂದರು ಭಾವ ಏದುಸಿರಿನಲ್ಲಿ. "ನಿನ್ ಹಡಗಿಗೆ ಅಷ್ಟೂ ಮರ್ವಾದೆ ಇಲ್ವಲ್ಲ."

ಅಂಬುಜಮ್ಮ ಈ ಸಲ ಸೆರಗಿಲ್ಲದೆ ನಕ್ಕರು. ಅಕ್ಕ ಅವರಿಗೂ ಎಲೆ ಹಾಕಿ ಬಡಿಸಿದಳು. ಮಕ್ಕಳು ತಾವೇ ಬಣ್ಣ ಹಚ್ಚಿದ ಬುಗುರಿಯನ್ನು ಅಪ್ಪನ ಅಂಗೈಯಲ್ಲಿ ಆಡಿಸಿ ತೋರಿಸಿದರು. ಭಾವ ಅದನ್ನೇ ನೋಡುತ್ತಾ ಕೂತರು.

"ನಾಲ್ಕ್ ಜಾಗಕ್ಕೂ ಹೋಗಿದ್ದೆ" ಎಂದರು. "ಒಂದರಲ್ಲೂ ಏನೂ ನೋಡ್ಲಿಲ್ಲ. ಬರೀ ಗಡಿಯಾರ ನೋಡ್ದೆ." ಆಮೇಲೆ ಎಲ್ಲರೂ ಕೇಳುವ ಹಾಗೆ ನನ್ನ ಕಡೆ ತಿರುಗಿದರು. "ಅಜ್ಜಿ ಇಳೀಲಿ. ಎಲ್ಲಾ ಬಂದರಲ್ಲೂ ಇಳೀಲಿ. ಈಗ ಹೇಳಪ್ಪ ಕ್ಯಾಪ್ಟನ್ನು, ರೋಮಲ್ಲಿ ಒಂದೇ ಜಾಗ ಅಂದ್ರೆ ಯಾವುದು?"

ವಾರವಿಡೀ ಗೇರ್ ಬದಲಿಸುವಾಗೆಲ್ಲ ನಾನು ಒಂದು ಮಾತನ್ನು ಮಸೆದಿಟ್ಟುಕೊಂಡಿದ್ದೆ: ಒಂಬತ್ತನೇ ಕ್ಲಾಸಿನವನನ್ನು ಕೇಳ್ತೀರಲ್ಲ ಭಾವ, ನಿಮ್ಮ ಕಾಲೇಜಿನವರು ಏನಂದುಕೊಳ್ತಾರೆ? ಅದು ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ಕಾಯುತ್ತಿದ್ದರು.

ಅಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದಳು. ಹಡಗು ಹೊರಡುವ ಹೊತ್ತಾಗುತ್ತಿದೆ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾ, ಸೊಂಟದ ಮೇಲೆ ಒಂದು ಕೈಯಿಟ್ಟು, ಟೆಂಪೋ ಕಡೆಗೆ ಹೆಜ್ಜೆ ಹಾಕತೊಡಗಿದ್ದಳು. ಇನ್ನೊಂದು ಕೈಯನ್ನು ತಿರುಗಿಯೂ ನೋಡದೆ ಹಿಂದಕ್ಕೆ ಚಾಚಿದ್ದಳು.

ನಾನು ಎಲೆ ಮಡಿಸಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹೋಗಿ ಆ ಕೈ ಹಿಡಿದುಕೊಂಡೆ. ಹಿಂದಿನಿಂದ ಭಾವ ಮತ್ತೆ ಕರೆದರು. ನಾವಿಬ್ಬರೂ ನಿಧಾನವಾಗಿ, ಅವಳ ನಡಿಗೆಯಲ್ಲೇ, ನಡೆದುಹೋದೆವು.