ಅಂಗೈ ಅಗಲದ ಗಾಜು

ಬೆರಳು ತಾಗಿದ ಕೂಡಲೇ ಪುಟ ಸರಿಯಿತು, ಸದ್ದೇ ಇಲ್ಲ, ಹಾಳೆ ತಿರುವಿದರೆ ಒಂದು ಸದ್ದಾದರೂ ಬೇಡವೇ, ನಲವತ್ತು ವರ್ಷ ಪುಸ್ತಕಕ್ಕೆ ರಟ್ಟು ಕಟ್ಟಿದವನ ಕೈಗೆ ಇದೆಂಥ ವಸ್ತು, ಬೆನ್ನಿಲ್ಲ, ಹೊಲಿಗೆಯಿಲ್ಲ, ಅಂಟಿನ ವಾಸನೆಯಿಲ್ಲ — ತೂಕ ನೋಡಿ ಸಾರ್, ಮುನ್ನೂರು ಗ್ರಾಮೂ ಇಲ್ಲ, ಅನ್ನುತ್ತಾಳೆ ಅಂಗಡಿಯಾಕೆ, ನೋಡುತ್ತಿದ್ದೇನಮ್ಮ, ತೂಕ ನೋಡುವುದಕ್ಕೇ ಬಂದಿದ್ದು. ಈ ಚಿಕ್ಕ ಟ್ಯಾಬ್ಲೆಟ್ ಫೋನೂ ಅಲ್ಲ ಕಂಪ್ಯೂಟರೂ ಅಲ್ಲ, ಯಾಕೆ ಮಾವ ದಂಡ, ಎಂದ ಅಳಿಯ, ಅವನಿಗೇನು, ಅವನ ಮಣಿಕಟ್ಟು ಗಟ್ಟಿ. ನನ್ನ ಹೆಂಡತಿಯ ಕೈಗಳು ಸೋತು ಎಂಟು ತಿಂಗಳು, ಮಲಗಿಯೇ ಓದಬೇಕು, ದಪ್ಪ ಪುಸ್ತಕ ಎತ್ತಿದರೆ ಎದೆಯ ಮೇಲೆ ಬೀಳುತ್ತದೆ, ಫೋನಿನಲ್ಲಿ ಅಕ್ಷರ ಇರುವೆಯಷ್ಟು, ಇರು ನಾನೇ ಓದುತ್ತೇನೆ ಎಂದು ಕೂತರೆ ಎರಡೇ ಪುಟಕ್ಕೆ ಸಾಕು ಅಂದಳು, ಬೇಡ ಬಿಡಿ, ನೀವು ಓದಿದ್ರೆ ನಿಮ್ಮ ದನಿ ಕೇಳ್ಸುತ್ತೆ, ಕಥೆ ಕೇಳ್ಸಲ್ಲ. ಇಬ್ಬರೂ ನಕ್ಕೆವು. ಆಗ ಇನ್ನೂ ನಗುತ್ತಿದ್ದಳು.

ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ. ಮದುವೆಗೆ ಮುಂಚೆಯೇ ಅವಳ ಹತ್ತಿರವಿದ್ದ ಆ ದಪ್ಪ ಕಾದಂಬರಿ, ಅದರ ಬೆನ್ನು ಬಿಚ್ಚಿ, ಹದಿನಾರು ಹದಿನಾರು ಪುಟದ ತೆಳು ಕಟ್ಟು ಮಾಡಿದರೆ ಒಂದೊಂದನ್ನೇ ಎತ್ತಿ ಓದುತ್ತಾಳೆ, ಸರಿ, ಅಲ್ಲಿಯವರೆಗೆ ಸರಿ, ಹೊಲಿದೆ, ಹೊಲಿದ ಮೇಲೆ ಮೂರು ಕಡೆ ಅಂಚು ಕತ್ತರಿಸಿ ಸವರುವುದು ನಮ್ಮ ಕಸುಬಿನ ರೂಢಿ, ಅಂಚು ಸವರದ ಕಟ್ಟನ್ನು ಯಾರ ಕೈಗೂ ಕೊಟ್ಟವನಲ್ಲ, ಕೈ ತಾನಾಗಿಯೇ ಅಲಗಿನ ಹಿಡಿ ಎಳೆಯಿತು, ಎಷ್ಟು ನೇರ, ಎಷ್ಟು ನಯ, ನಾನು ಪುಸ್ತಕದ ಬೆನ್ನು ನೋಡುವವನು, ಒಳಗೆ ಏನಿದೆ ಎಂದು ಯಾವತ್ತು ನೋಡಿದ್ದೆ — ಅಂಚಿನ ತುಂಬ ಅವಳ ಪೆನ್ಸಿಲ್ ಬರಹ, ಮೂವತ್ತು ವರ್ಷದ್ದು. ಅವಳು ಮೊದಲ ಕಟ್ಟು ತೆರೆದಳು, ಮುಚ್ಚಿದಳು, ಚೆನ್ನಾಗಿ ಮಾಡಿದೀರ, ಅಂದಳು, ದಿಂಬಿನ ಪಕ್ಕ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ಒಂದಕ್ಷರ ಓದಿಲ್ಲ. ಓಡಿದೆ ಕಾರ್ಖಾನೆಗೆ, ಚೂರಿನ ಚೀಲ ಆಗಲೇ ರದ್ದಿಯವನ ಗಾಡಿ ಹತ್ತಿ ಹೋಗಿತ್ತು, ನನ್ನ ಅಂಗಿ ತೋಳಿನ ಅಂಟಿಗೆ ಮಾತ್ರ ಒಂದು ಪಟ್ಟಿ ಕಚ್ಚಿಕೊಂಡಿತ್ತು, ಅದರಲ್ಲಿ ಅವಳ ಅಕ್ಷರ, ಇವರು ಇವತ್ತು, ಅಷ್ಟೇ, ಮುಂದಿನದು ಕತ್ತರಿಸಿ ಹೋಗಿದೆ. ಇವರು ಎಂದರೆ ನಾನೇ, ಇನ್ಯಾರು, ಇವತ್ತು ಏನು ಮಾಡಿದೆ, ರೇಗಿದೆನೇ, ಮನೆಗೆ ಬೇಗ ಬಂದೆನೇ, ನಕ್ಕೆನೇ, ಕೇಳಿಬಿಡಬಹುದು, ಕೇಳುವುದಕ್ಕೆ ಮುಖ ಎಲ್ಲಿದೆ ನನಗೆ.

ಸಾರ್, ಮಲಗಿ ಓದೋರಿಗೆ ಇದೇ ಸರಿ — ತಲೆಯ ಮೇಲೆ ಎತ್ತಿ ಹಿಡಿದೆ, ಪಕ್ಕದ ಗಿರಾಕಿ ನೋಡುತ್ತಾನೆ, ನೋಡಲಿ, ಕೈ ನೋಯಲಿಲ್ಲ, ಆದರೆ ಇದು ನನ್ನ ಕೈ, ಇದಕ್ಕೇನು ಗೊತ್ತು, ಅವಳನ್ನೊಂದು ಮಾತು ಕೇಳಿ ಬರಬೇಕಿತ್ತು, ಮತ್ತೆ ನನ್ನದೇ ತೀರ್ಮಾನ, ಮತ್ತೆ ಅದೇ ಚಾಳಿ, ಬೇಡ ಅಂದರೆ, ಚೆನ್ನಾಗಿದೆ ಎಂದು ಇದನ್ನೂ ದಿಂಬಿನ ಪಕ್ಕ ಇಟ್ಟುಬಿಟ್ಟರೆ. ಅಕ್ಷರ ಇನ್ನೂ ದೊಡ್ಡದು ಬೇಕಾ ಸಾರ್, ಸುತ್ತ ಇರೋ ಬಿಳಿ ಜಾಗ ಸುಮ್ನೆ ವೇಸ್ಟು, ಇಲ್ಲಿ ಒತ್ತಿದ್ರೆ ಅಂಚೆಲ್ಲ ಕಟ್ ಆಗುತ್ತೆ — ಒತ್ತಬೇಡಮ್ಮ. ಜೋರಾಗಿಯೇ ಬಂತು ಮಾತು, ಅಂಗಡಿಯೆಲ್ಲ ತಿರುಗಿತು, ಅವಳ ಬೆರಳು ಗಾಳಿಯಲ್ಲೇ ನಿಂತಿತು, ಪಾಪ, ಅವಳದೇನು ತಪ್ಪು. ಆ ಅಂಚಿನಲ್ಲಿ ಬರೆಯೋಕಾಗುತ್ತಾ, ಕೇಳಿದೆ. ಓ, ಬೆರಳಲ್ಲೇ ಬರೀಬಹುದು, ಏನಾದ್ರೂ ಬರೆದು ನೋಡಿ ಸಾರ್. ಏನು ಬರೆಯಲಿ, ಹೆಸರು ಬರೆಯೋಣವೆಂದು ಬೆರಳಿಟ್ಟೆ, ಅಂಟು ಹತ್ತಿ ಹತ್ತಿ ಒರಟಾದ ಬೆರಳು, ಆದರೂ ಮೂಡುತ್ತಿದೆ, ಬೂದು ಬಣ್ಣದಲ್ಲಿ, ಸೊಟ್ಟಸೊಟ್ಟಗೆ, ಹೆಸರಲ್ಲ, ಇವರು ಇವತ್ತು — ಬರೀರಿ ಸಾರ್, ಜಾಗ ಇದೆ, ಅನ್ನುತ್ತಾಳೆ, ಹೌದು, ಬೇಕಾದಷ್ಟು ಜಾಗ ಇದೆ, ಮುಂದೆ, ಮುಂದೆ ಏನು, ಇವರು ಇವತ್ತು, ಇವರು ಇವತ್ತು