ಹಚ್ಚೆಯ ಮೇಲೆ ಕಟ್ಟಿದ ವಾಚು

ಬೆಳಿಗ್ಗೆ ಮೊಬೈಲು ತೆರೆದ ಮಹಾನಂದಾಳ ಎದೆ ಧಸಕ್ಕೆಂದಿತು. ಅತ್ತೆ ಶಿವಗಂಗವ್ವನ ಕೈಗೆ ರಾತ್ರಿ ಕಟ್ಟಿದ್ದ ವಾಚು ಆಕೆಯ ನಾಡಿಯ ಲೆಕ್ಕವನ್ನೆಲ್ಲ ಮೊಬೈಲಿಗೆ ಕಳಿಸಿತ್ತು. ಒಂದು ಗಂಟೆಯ ಹೊತ್ತಿಗೆ ನಾಡಿ ನಿಮಿಷಕ್ಕೆ ಮೂವತ್ತಾರಕ್ಕೆ ಇಳಿದಿತ್ತು. ಎರಡರಿಂದ ನಾಲ್ಕರವರೆಗೆ ಗೆರೆಯೇ ಇರಲಿಲ್ಲ. ವಾಚಿನ ಪ್ರಕಾರ ಅತ್ತೆ ಎರಡು ತಾಸು ಈ ಲೋಕದಲ್ಲೇ ಇರಲಿಲ್ಲ. ಆ ಅತ್ತೆಯೋ ಅಡುಗೆಮನೆಯಲ್ಲಿ ಪಟಪಟ ರೊಟ್ಟಿ ಬಡಿಯುತ್ತ, ಹಿಟ್ಟು ನುಣ್ಣಗೆ ಬೀಸಿಲ್ಲವೆಂದು ಗಿರಣಿಯವನನ್ನು ಬೈಯುತ್ತಿದ್ದಳು.

ನಗುವ ಹೊತ್ತಲ್ಲ. ಹೋದ ಸೋಮವಾರ ಉಪವಾಸದ ಹೊಟ್ಟೆಯಲ್ಲಿ ಹೊಲಕ್ಕೆ ಹೋದ ಶಿವಗಂಗವ್ವ ಹತ್ತಿ ಬಿಡಿಸುತ್ತಲೇ ಕುಸಿದಿದ್ದಳು. ಅಣ್ಣಿಗೇರಿಯ ಡಾಕ್ಟರು ಎಲ್ಲ ನೋಡಿ, ನಿದ್ದೆಯಲ್ಲಿ ನಾಡಿ ತೀರ ಇಳಿಯುತ್ತಿದ್ದರೆ ಎದೆಯಲ್ಲಿ ನಾಡಿ ನಡೆಸುವ ಯಂತ್ರ ಕೂಡಿಸಬೇಕಾದೀತು ಎಂದಿದ್ದರು. ಎದೆ ಕೊಯ್ಯಿಸಿಕೊಳ್ಳುವುದಕ್ಕಿಂತ ಸಾಯುವುದೇ ವಾಸಿ ಎಂದು ಅತ್ತೆ ಹಟ ಹಿಡಿದಿದ್ದಳು. ಹದಿನೆಂಟು ವರ್ಷ ಸಾರಿನ ಉಪ್ಪು-ಹುಳಿಗೂ ಜಗಳಾಡಿದ ಸೊಸೆಗೆ ಆ ಮಾತು ಕೇಳಿ ಸುಮ್ಮನೆ ಕೂರಲಾಗಿರಲಿಲ್ಲ. ನಿದ್ದೆಯಲ್ಲಿ ನಾಡಿ ನಿಜಕ್ಕೂ ಇಳಿಯುತ್ತದೋ ನೋಡಲು ಗಂಡ ಸಿದ್ಧಾರೂಢನ ವಾಚನ್ನು ಕಸಿದು ಅತ್ತೆಗೆ ಕಟ್ಟಿದ್ದಳು.

ಮಹಾನಂದಾ ಮೊಬೈಲು ಹಿಡಿದುಕೊಂಡು ಅದೇ ಓಣಿಯಲ್ಲಿದ್ದ ನರ್ಸ್ ರೂಬಿನಾಳ ಮನೆಗೆ ಓಡಿದಳು. ರೂಬಿನಾ ಗೆರೆ ನೋಡಿ ಗಾಬರಿಯಾಗಲಿಲ್ಲ. ವಾಚು ಕೈಯ ಯಾವ ಜಾಗಕ್ಕೆ ಕಟ್ಟಿದ್ದಿರಿ ಎಂದು ಕೇಳಿದಳು.

“ಹಸರ ಬಳಿ ತಗ್ಯಾಕ ಅತ್ತಿ ಒಲ್ಲೆ ಅಂದ್ರು. ಬಳಿಗಿಂತ ಮ್ಯಾಲ, ಹಚ್ಚಿ ಇರೂ ಕಡೆ ಕಟ್ಟೀನ್ರಿ.”

ರೂಬಿನಾ ಹಣೆ ಚಚ್ಚಿಕೊಂಡು ನಕ್ಕಳು. ವಾಚಿನ ಹೊಟ್ಟೆಯಲ್ಲಿರುವ ಹಸಿರು ದೀಪ ಚರ್ಮದೊಳಗಿನ ರಕ್ತದ ಏರಿಳಿತ ನೋಡಿ ಲೆಕ್ಕ ಹಾಕುತ್ತದೆ, ಹಚ್ಚೆಯ ಕಪ್ಪು ಆ ಬೆಳಕನ್ನೇ ನುಂಗಿಬಿಡುತ್ತದೆ ಎಂದು ತಿಳಿಸಿದಳು. ಹಾಗಂತ ತನ್ನ ಮಾತನ್ನೂ ನಂಬಿ ಕೂರಬಾರದು. ಬರಿ ಚರ್ಮದ ಮೇಲೆ ವಾಚು ಕಟ್ಟಿ, ಅತ್ತೆ ಮಲಗಿದಾಗ ಬೆರಳಿಟ್ಟು ಒಂದು ನಿಮಿಷ ಎಣಿಸಿ, ಎರಡೂ ಕೂಡುತ್ತವೆಯೋ ನೋಡಬೇಕು ಎಂದಳು.

ಮಧ್ಯಾಹ್ನ ಉಂಡು ಅತ್ತೆ ಪಡಸಾಲೆಯಲ್ಲಿ ಅಡ್ಡಾದಳು. ಮೊಣಕೈಯ ಕೆಳಗೆ, ಹಚ್ಚೆಯ ಬಳ್ಳಿ ಮುಗಿಯುವಲ್ಲಿ, ಮಹಾನಂದಾ ವಾಚು ಬಿಗಿದಳು. ಗೊರಕೆ ಶುರುವಾಗಿ ಅರ್ಧ ತಾಸಾದ ಮೇಲೆ ಬಳೆಗಳನ್ನು ಮೆಲ್ಲಗೆ ಸರಿಸಿ ಮಣಿಕಟ್ಟಿಗೆ ಬೆರಳಿಟ್ಟಳು. ಮೊದಲು ಏನೂ ಸಿಗಲಿಲ್ಲ. ಬೆರಳನ್ನು ಅತ್ತಿತ್ತ ಸರಿಸಿ ಹುಡುಕಿದಳು. ಆಮೇಲೆ ಬೆರಳಿನಡಿ ಏನೋ ಮಿಡಿಯಿತು. ಗೋಡೆಯ ಗಡಿಯಾರ ನೋಡುತ್ತ ಎಣಿಸಿದಳು. ಐವತ್ತೆಂಟು. ವಾಚು ನೋಡಿದಳು. ಐವತ್ತೆಂಟು. ಮತ್ತೊಮ್ಮೆ ಎಣಿಸಿದಾಗ ಬೆರಳಿಗೆ ಐವತ್ತಾರು, ವಾಚಿಗೆ ಐವತ್ತೇಳು.

ಒಂದರ ಫರಕಿಗೆ ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಬಿಲ್ಲೆಯಷ್ಟಗಲದ ವಾಚು, ಒಂದು ಹನಿ ರಕ್ತ ತೆಗೆಯದೆ, ಮಲಗಿದವಳ ಎದೆಯೊಳಗನ್ನು ಓದಿತ್ತು. ಅದೇ ಒಂದು ಬೆರಗು. ಅದಕ್ಕಿಂತ ದೊಡ್ಡ ಬೆರಗು ಬೆರಳಿನಡಿಯಲ್ಲಿತ್ತು. ಎಪ್ಪತ್ತೆರಡು ವರ್ಷ, ಈ ಮುದುಕಿ ಮಕ್ಕಳನ್ನು ಹೆತ್ತಾಗ, ಸೊಸೆಯನ್ನು ಬೈದಾಗ, ಎಲ್ಲ ಮರೆತು ಗೊರಕೆ ಹೊಡೆದಾಗಲೂ ಒಂದು ಗಳಿಗೆ ರಜೆಯಿಲ್ಲದೆ ಇದು ದುಡಿದಿದೆ. ಮಹಾನಂದಾಳ ಮೈ ಜುಮ್ಮೆಂದಿತು. ನಿಮಿಷ ಮುಗಿದಿದ್ದರೂ ಬೆರಳು ತೆಗೆಯಲು ಮನಸ್ಸಾಗಲಿಲ್ಲ.

ಶಿವಗಂಗವ್ವ ಕಣ್ಣು ಬಿಟ್ಟಳು. ತನ್ನ ಕೈ ಸೊಸೆಯ ಕೈಯಲ್ಲಿರುವುದನ್ನು ನೋಡಿದಳು. ಹದಿನೆಂಟು ವರ್ಷದಲ್ಲಿ ಅದೇ ಮೊದಲು.

“ಸತ್ತೀನೋ ಇದ್ದೀನೋ ನೋಡಾಕತ್ತೀಯೇನ?”

“ಇಲ್ರಿ ಅತ್ತಿ. ಎಣಸಾಕತ್ತೀನ್ರಿ. ಅಗದಿ ಛಲೋ ನಡದೈತಿ.”

ಈಗ ಕೈ ಎಳೆದುಕೊಳ್ಳುತ್ತಾಳೆಂದು ಮಹಾನಂದಾ ಬೆರಳು ಸಡಿಲಿಸಿದಳು. ಶಿವಗಂಗವ್ವ ಆಕೆಯ ಕಡೆ ಹೊರಳಿ, ಇನ್ನೊಂದು ಕೈಯನ್ನೂ ಸೊಸೆಯ ಮಡಿಲಲ್ಲಿಟ್ಟು ಕಣ್ಣು ಮುಚ್ಚಿದಳು.

“ಇದನ್ನೂ ಎಣಸ,” ಎಂದಳು.